ಕೈರುವಾನಿನಲ್ಲಿ ನನಗೆ ಹಾಕಿದ ಕುರ್ಚಿ

ನಾನು ಕಲ್ಲಿನ ವ್ಯಾಪಾರಿ. ಊರು ಇಳಕಲ್ಲು. ಸೀರೆಗೆ ಹೆಸರಾದ ಊರೇ, ಆದರೆ ನಮ್ಮ ಮನೆತನಕ್ಕೆ ಅನ್ನ ಹಾಕಿದ್ದು ಸೀರೆಯಲ್ಲ, ಅಲ್ಲಿನ ಕೆಂಪು ಗ್ರಾನೈಟು. ಇಪ್ಪತ್ತು ವರ್ಷದಿಂದ ಟೆಕ್ಸಾಸಿನ ಪ್ಲೇನೋದಲ್ಲಿದ್ದೇನೆ. ಅಡುಗೆಮನೆಯ ಕಟ್ಟೆಗೆ, ಬಚ್ಚಲಿಗೆ ಕಲ್ಲು ಕೊಯ್ದು ಕೂರಿಸಿಕೊಡುವುದು ನನ್ನ ಕಸುಬು.

೨೦೧೭ರ ವಸಂತದಲ್ಲಿ ಟ್ಯೂನಿಷಿಯಾಕ್ಕೆ ಹೋಗಿ ಬಂದೆ. ಡಲ್ಲಾಸಿನ ಕನ್ನಡ ಗೆಳೆಯರು ಮನೆಗೆ ಬಂದಾಗ ಫೋಟೋ ಕೇಳುತ್ತಾರೆ. ತೋರಿಸುತ್ತೇನೆ. ಕೈರುವಾನಿನ ದೊಡ್ಡ ಮಸೀದಿಯ ಅಂಗಳ, ಚೌಕಾಕಾರದ ಗಟ್ಟಿಮುಟ್ಟಾದ ಮಿನಾರು, ಬಾಗಿಲಿನಿಂದ ಕಾಣುವ ನೂರಾರು ಕಂಬ. "ಭಾಳ ಛಲೋ ಐತ್ರಿ" ಎಂದು ಫೋನು ಮರಳಿಸುತ್ತಾರೆ. ಫೋಟೋದಲ್ಲಿ ಇಲ್ಲದ್ದನ್ನು ನಾನು ಅವರಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಪ್ಲೇನೋ, ಹೊರಡುವ ಮುನ್ನ

ನನ್ನ ಕಾರ್ಖಾನೆಯಲ್ಲಿ ಆಗ ಆರು ಜನ ಇದ್ದರು. ಎಲ್ಲರಿಗಿಂತ ಚೊಕ್ಕ ಕೆಲಸ ಮುನೀರನದು. ಅವನು ಕೈರುವಾನಿನವನು, ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ. ಸಿಂಕಿಗೆಂದು ಕಲ್ಲು ಕೊರೆದರೆ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ನೋಡುತ್ತಿದ್ದ, ಆಮೇಲೆ ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಸವರುತ್ತಿದ್ದ. ಕಾಗದಪತ್ರದ ಕೆಲಸ ಮುಗಿಯದೆ ನಾಲ್ಕು ವರ್ಷದಿಂದ ತನ್ನ ಊರಿಗೆ ಹೋಗಲಾಗಿರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ದೇವರಿಗೇನೂ ಕೊರತೆ ಇರಲಿಲ್ಲ. ಗಿರಾಕಿಗಳು ಕೂರುವ ಕೋಣೆಯಲ್ಲಿಯೇ ಬಸವಣ್ಣನ, ಬನಶಂಕರಿಯ ಫೋಟೋ ಇಟ್ಟಿದ್ದೆ. ದಿನಾ ಮುಂಜಾನೆ ಊದುಬತ್ತಿ ಹಚ್ಚುತ್ತಿದ್ದೆ. ಬಿಳಿಯ ಹೆಂಗಸರು "ಎಂಥಾ ಒಳ್ಳೆಯ ಪರಿಮಳ" ಎಂದರೆ ಉಬ್ಬುತ್ತಿದ್ದೆ. ಆಯುಧ ಪೂಜೆಯ ದಿನ ಕಲ್ಲು ಕೊಯ್ಯುವ ಯಂತ್ರಕ್ಕೆ ಕುಂಕುಮ ಹಚ್ಚಿ, ಫೋರ್ಕ್‌ಲಿಫ್ಟಿನ ಗಾಲಿಯ ಕೆಳಗೆ ಲಿಂಬೆಹಣ್ಣು ಇಡಿಸುತ್ತಿದ್ದೆ. ಅದನ್ನು ನಡೆಸಿ ಹಣ್ಣು ಚಪ್ಪಟೆ ಮಾಡುವವನು ಮುನೀರನೇ. ಅವನಷ್ಟು ನಿಧಾನವಾಗಿ, ಮರ್ಯಾದೆಯಿಂದ ಯಾರೂ ನಡೆಸುತ್ತಿರಲಿಲ್ಲ.

ಪ್ರವಾಸಕ್ಕೆ ಎರಡು ವರ್ಷ ಮೊದಲಿನ ಬೇಸಿಗೆ. ಸೌತ್‌ಲೇಕಿನಿಂದ ಗಂಡ ಹೆಂಡತಿ ಬಂದಿದ್ದರು. ದೊಡ್ಡ ಮನೆ, ದೊಡ್ಡ ಅಡುಗೆಮನೆ. ಕಲ್ಲು ತೋರಿಸುತ್ತ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದೆ. ನಿಲ್ಲಿಸಿಟ್ಟ ಕಲ್ಲುಹಲಗೆಗಳ ಸಾಲಿನ ಹಿಂದೆ, ಬಿಚ್ಚಿದ ರಟ್ಟಿನ ಪೆಟ್ಟಿಗೆಯ ಮೇಲೆ ಮುನೀರ್ ನಮಾಜಿಗೆ ಬಾಗಿದ್ದ. ಆ ಹೆಂಗಸು "ಓ!" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಗಂಡನ ಮುಖ ನೋಡಿದಳು. ಇನ್ನೊಂದು ದಿನ ಬರುತ್ತೇವೆ ಎಂದು ಹೋದವರು ಬರಲೇ ಇಲ್ಲ.

ಅವತ್ತೇ ಮುನೀರನನ್ನು ಕರೆದು ಹೇಳಿದೆ. "ಇಲ್ಲಿ ಬೇಡ ಮುನೀರ್. ಗಿರಾಕಿಗಳು ಓಡಾಡುವ ಜಾಗ. ನಿನ್ನ ಗಾಡಿಯಲ್ಲಿ ಮಾಡಿಕೊ."

"ಮಾದರಿ ಕಲ್ಲು ಇಡುವ ಕೋಣೆ ಖಾಲಿ ಇರುತ್ತಲ್ಲ, ಮಿಸ್ಟರ್ ಶಿವ? ಹತ್ತು ನಿಮಿಷ ಸಾಕು."

"ಬೇಡ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ."

ಎಲ್ಲರಿಗೂ ಎಂದರೆ ಯಾರಿಗೆ ಎಂದು ಅವನು ಕೇಳಲಿಲ್ಲ. "ಓಕೆ, ಮಿಸ್ಟರ್ ಶಿವ" ಎಂದು ಕೆಲಸಕ್ಕೆ ಹೋದ. ಅಂದಿನಿಂದ ಜುಲೈ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ತನ್ನ ಪಿಕಪ್ ಗಾಡಿಯೊಳಗೆ ಕುಳಿತೇ ನಮಾಜು ಮಾಡುತ್ತಿದ್ದ. ಒಂದು ದಿನ ಹೈಸ್ಕೂಲು ಓದುವ ನನ್ನ ಮಗಳು ನಿಧಿ ಅದನ್ನು ನೋಡಿ ಒಳಗೆ ಬಂದಳು. "ಅಪ್ಪಾ, ಇಟ್ಸ್ ಲೈಕ್ ಆ್ಯನ್ ಓವನ್ ಇನ್ ದೇರ್" ಎಂದಳು. ನಾನು ಫೋನಿನಲ್ಲಿದ್ದವನಂತೆ ನಟಿಸಿದೆ.

ಎರಡು ವರ್ಷ ಕಳೆದ ಮೇಲೆ ಇಟಲಿಯಲ್ಲಿ ಕಲ್ಲಿನ ಮೇಳ ಇತ್ತು. ಅಲ್ಲಿಗೆ ಹೋಗುವುದಿದ್ದರೆ ಪಕ್ಕದ ಟ್ಯೂನಿಷಿಯಾಕ್ಕೂ ಹೋಗಿ ಅಲ್ಲಿನ ಅಮೃತಶಿಲೆ ನೋಡಿ ಬರೋಣ ಎಂದುಕೊಂಡೆ. ನಿಜವಾದ ಆಸೆ ಬೇರೆ ಇತ್ತು. ಕೈರುವಾನಿನ ಮಸೀದಿಯಲ್ಲಿ ನೂರಾರು ಕಂಬಗಳಿವೆ, ಹಾಳುಬಿದ್ದ ರೋಮನ್ ಊರುಗಳಿಂದ ಹೊತ್ತು ತಂದವು, ಒಂದರಂತೆ ಇನ್ನೊಂದಿಲ್ಲ ಎಂದು ಮುನೀರ್ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದ. ಕಲ್ಲಿನವನಿಗೆ ಅಷ್ಟು ಸಾಕು.

"ನಿಮ್ಮ ಊರಿಗೆ ಹೋಗ್ತೀನಿ. ಮನೆ ವಿಳಾಸ ಕೊಡು. ನಿನ್ನ ತಂಗಿಗೆ ಇಂಗ್ಲಿಷ್ ಬರುತ್ತಲ್ಲ, ಊರು ತೋರಿಸಲಿ" ಎಂದೆ.

ಮುನೀರ್ ಎರಡು ದಿನ ಬಿಟ್ಟು ಒಂದು ಚೀಲ ತಂದ. ತಾಯಿಗೆ ಬಿಪಿ ನೋಡುವ ಮಷೀನು, ಓದುವ ಕನ್ನಡಕ. ಕೊಟ್ಟವನು ಹೋಗದೆ ನಿಂತ. "ಮಿಸ್ಟರ್ ಶಿವ, ನನ್ನ ತಾಯಿ ತುಂಬಾ ಮಾತಾಡ್ತಾರೆ. ಅವರು ಏನೇ ಹೇಳಿದರೂ ಹೌದು ಅಂದುಬಿಡಿ. ಅಷ್ಟೇ."

ವಯಸ್ಸಾದವರ ಮಾತಲ್ಲವೇ ಎಂದು ನಾನು ನಕ್ಕೆ.

ಮನೆಯಲ್ಲಿ ಹೆಂಡತಿ ಗಿರಿಜಾ ಸೂಟ್‌ಕೇಸಿಗೆ ಅಂಗಿ ಮಡಚಿ ಇಡುತ್ತಿದ್ದಳು. "ಅವಂಗ ಹತ್ತ ಮಿನಿಟ್ ಜಾಗ ಕೊಡಲಿಲ್ಲ ನೀವು. ಈಗ ಅವರ ಅವ್ವನ ಮನಿಗೆ ಉಣ್ಣಾಕ ಹೊಂಟೀರಿ. ತುತ್ತು ಹೆಂಗ ಇಳೀತದರಿ ನಿಮಗ?" ಎಂದಳು. ವ್ಯಾಪಾರದ ಕಷ್ಟ ನಿನಗೇನು ಗೊತ್ತು ಎಂದೆ. ಆಕೆ ಸೂಟ್‌ಕೇಸಿನ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಹಾಕಿದಳು.

ಟ್ಯೂನಿಸ್

ಇಟಲಿಯ ಮೇಳ ಮುಗಿಸಿ ಬಂದ ನನ್ನನ್ನು ಟ್ಯೂನಿಸ್ ವಿಮಾನ ನಿಲ್ದಾಣದಲ್ಲಿ ಬಿಪಿ ಮಷೀನು ಹಿಡಿದುಹಾಕಿತು. ಸುಂಕದ ಅಧಿಕಾರಿ ಚೀಲ ಬಿಚ್ಚಿ, ವೈರು, ಪಟ್ಟಿ, ಡಬ್ಬಿ ಎಲ್ಲ ಹೊರಗೆ ತೆಗೆದು ಫ್ರೆಂಚಿನಲ್ಲಿ ಏನೋ ಕೇಳಿದ. ನನಗೆ ತಿಳಿಯಲಿಲ್ಲ. ತೋಳಿಗೆ ಸುತ್ತಿಕೊಳ್ಳುವ ಅಭಿನಯ ಮಾಡಿ ತೋರಿಸಿದೆ. ಅವನು ನಂಬಲಿಲ್ಲ, ತನ್ನ ತೋಳನ್ನೇ ಚಾಚಿದ. ಸುತ್ತಿ ಗುಂಡಿ ಒತ್ತಿದೆ. ಅಂಕಿ ಬಂತು. ಅವನ ಮುಖ ಬಾಡಿತು. ಪಕ್ಕದವನು ಬಗ್ಗಿ ನೋಡಿ ನಕ್ಕು ತನ್ನ ತೋಳನ್ನೂ ಚಾಚಿದ. ಹೀಗೆ ನಾಲ್ಕು ಜನ ಅಧಿಕಾರಿಗಳ ಬಿಪಿ ನೋಡಿದ ಮೇಲೆ ನನಗೆ ಬಿಡುಗಡೆ ಸಿಕ್ಕಿತು. ಮೊದಲನೆಯವನು ಹೋಗುವಾಗ ನನ್ನ ಕೈ ಹಿಡಿದು, ಉಪ್ಪು ಕಡಿಮೆ ಮಾಡಬೇಕೇ ಎಂದು ಸನ್ನೆಯಲ್ಲಿ ಕೇಳಿದ. ಮಾಡು ಎಂದೆ.

ಅಲ್ಲಿನ ಗಂಡಸರು ಹೋಟೆಲಿನ ಕುರ್ಚಿಯನ್ನು ಮೇಜಿನ ಕಡೆಗಲ್ಲ, ಬೀದಿಯ ಕಡೆಗೆ ತಿರುಗಿಸಿ ಕೂರುತ್ತಾರೆ. ಒಂದು ಸಣ್ಣ ಲೋಟ ಕಾಫಿ, ಎದುರಿಗೆ ಇಡೀ ಊರು. ಇಳಕಲ್ಲಿನ ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೆ ಕೂರುವವರ ನೆನಪಾಯಿತು. ಪ್ಲೇನೋದಲ್ಲಿ ಹೀಗೆ ಬೀದಿ ನೋಡುತ್ತ ಕೂತರೆ ಯಾರಾದರೂ ಪೊಲೀಸರಿಗೆ ಫೋನು ಮಾಡಿಯಾರು.

ಕೈರುವಾನಿಗೆ ಹೋಗಲು ಬಾಡಿಗೆ ವ್ಯಾನು. ಲುವಾಜ್ ಎನ್ನುತ್ತಾರೆ. ನಮ್ಮ ಕಡೆಯ ಟಂಟಂ ಆಟೋದ ಅಣ್ಣ ಎನ್ನಬಹುದು. ಎಂಟು ಜನ ತುಂಬುವವರೆಗೆ ಅಲುಗುವುದಿಲ್ಲ, ತುಂಬಿದ ಕೂಡಲೇ ಹಾರಿಹೋಗುತ್ತದೆ. ಪಕ್ಕದಲ್ಲಿ ಕೂತ ಮುದುಕ ಕಿತ್ತಳೆ ಸುಲಿದು, ಕೇಳದೆಯೇ ಅರ್ಧವನ್ನು ನನ್ನ ಅಂಗೈಯಲ್ಲಿಟ್ಟ. ಎರಡೂವರೆ ಗಂಟೆ ಪ್ರಯಾಣ. ರಸ್ತೆಯ ಎರಡೂ ಬದಿಗೆ ಆಲಿವ್ ಮರಗಳು. ನಾನು ಖುಷಿಯಾಗಿದ್ದೆ. ಅದನ್ನೂ ಹೇಳಿಬಿಡಬೇಕು.

ಕೈರುವಾನ್

ಮುನೀರನ ತಂಗಿ ಸಲ್ಮಾ ನಿಲ್ದಾಣಕ್ಕೆ ಬಂದಿದ್ದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮೇಡಂ. ಚುರುಕು ನಡಿಗೆ, ಅಳೆದು ಆಡುವ ಮಾತು. ಹಳೆಯ ಊರಿನ ಇಟ್ಟಿಗೆ ಗೋಡೆಯೊಳಗೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಂಥ ಓಣಿಗಳಲ್ಲಿ ನಡೆಸಿಕೊಂಡು ಮನೆಗೆ ಕರೆದೊಯ್ದಳು.

ಬಾಗಿಲಲ್ಲಿ ತಾಯಿ ಜೊಹ್ರಾ ನಿಂತಿದ್ದರು. ಎಪ್ಪತ್ತು ದಾಟಿದ, ಗುಂಡಗಿನ, ಗಲ್ಲದ ಮೇಲೆ ಹಸಿರು ಹಚ್ಚೆಯ ಅಜ್ಜಿ. ಇಳಕಲ್ಲಿನಲ್ಲಿ ನಮ್ಮ ಅಮ್ಮಮ್ಮನಿಗೂ ಇಂಥದೇ ಹಚ್ಚೆ ಇತ್ತು. "ಸೀ ಶಿವ! ಸೀ ಶಿವ!" ಎಂದು ನನ್ನ ಎರಡೂ ಕೈ ಹಿಡಿದರು. ಸೀ ಎಂದರೆ ಅವರಲ್ಲಿ ದೊಡ್ಡವರನ್ನು ಕರೆಯುವ ಮರ್ಯಾದೆಯ ಮಾತು.

ಊಟಕ್ಕೆ ಕೂತೆವು. ರವೆಯಂಥ ಕುಸ್‌ಕುಸ್, ಅದರ ಮೇಲೆ ಕುಂಬಳಕಾಯಿ, ಗಜ್ಜರಿ, ಕಡಲೆ. ನಾನು ಅನುಮಾನದಿಂದ ನೋಡಿದ್ದನ್ನು ಸಲ್ಮಾ ಗಮನಿಸಿದಳು. "ಮಾಂಸ ಇಲ್ಲ, ಹೆದರಬೇಡಿ. ನೀವು ತಿನ್ನಲ್ಲ ಅಂತ ಮುನೀರ್ ಹೇಳಿದ್ದ. ನಮ್ಮ ಪಾತ್ರೆಗೆಲ್ಲ ಮಾಂಸ ಮುಟ್ಟಿರುತ್ತೆ ಅಂತ ಅಮ್ಮ ನಿನ್ನೆ ಪೇಟೆಗೆ ಹೋಗಿ ನಿಮಗೋಸ್ಕರ ಹೊಸ ಪಾತ್ರೆ ತಂದರು."

ಹೊಳೆಯುವ ಆ ಪಾತ್ರೆ ಮೂಲೆಯಲ್ಲಿತ್ತು. ಅಂಗಡಿಯವನು ಅಂಟಿಸಿದ ಚೀಟಿಯ ಗುರುತು ಇನ್ನೂ ಹೋಗಿರಲಿಲ್ಲ.

ಊಟ ಮುಗಿಯುತ್ತ ಬಂದಾಗ ಜೊಹ್ರಾ ಮಾತು ಆರಂಭಿಸಿದರು. ಸಲ್ಮಾ ಸಾಲುಸಾಲಾಗಿ ಅನುವಾದ ಮಾಡಿದಳು.

"ಅಮ್ಮ ಹೇಳ್ತಾರೆ, ಮಗ ದೂರದಲ್ಲಿದ್ದಾನೆ ಅಂತ ಮೊದಲು ತುಂಬಾ ಅಳ್ತಿದ್ದರಂತೆ. ಆದರೆ ನೀವು ಅವನಿಗೆ ನಮಾಜಿಗೆ ಅಂತಲೇ ಒಂದು ಕೋಣೆ ಬಿಟ್ಟುಕೊಟ್ಟಿದ್ದೀರಿ ಅಂತ ಕೇಳಿದ ಮೇಲೆ ಸಮಾಧಾನ ಆಯಿತಂತೆ."

ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ನೀವೇ ಜಮಖಾನ ತಂದು ಹಾಸಿದಿರಂತೆ. ಫ್ಯಾನೂ ಹಾಕಿಸಿದಿರಂತೆ. ನಮಾಜಿನ ಹೊತ್ತಿಗೆ ಕಲ್ಲು ಕೊಯ್ಯುವ ಯಂತ್ರ ನಿಲ್ಲಿಸಿಬಿಡ್ತೀರಂತೆ, ಸದ್ದಾಗಬಾರದು ಅಂತ. ನಿಮ್ಮ ಧರ್ಮ ಬೇರೆ ಆದರೂ ಹೀಗೆ ಮಾಡಿದಿರಲ್ಲ, ನಿಮ್ಮ ತಾಯಿ ಪುಣ್ಯವಂತೆ ಅಂತಾರೆ."

ಏನೇ ಹೇಳಿದರೂ ಹೌದು ಅಂದುಬಿಡಿ ಎಂದು ಮುನೀರ್ ಹೇಳಿದ್ದು ಇದಕ್ಕೆ. ನಾನು ಹೌದು ಎಂದೆ. ತಲೆ ಅಲ್ಲಾಡಿಸಿದೆನೋ, ಬಾಯಿಬಿಟ್ಟು ಹೇಳಿದೆನೋ ನೆನಪಿಲ್ಲ.

ಅಲ್ಲಿಗೆ ನಿಂತಿದ್ದರೆ ಸುಳ್ಳು ಮುನೀರನೊಬ್ಬನದೇ ಆಗಿರುತ್ತಿತ್ತು. ಅಜ್ಜಿ ಕನ್ನಡಕದ ಡಬ್ಬಿ ಬಿಚ್ಚಿ, ಹೊಸ ಕನ್ನಡಕ ಹಾಕಿಕೊಂಡು ನನ್ನ ಫೋನಿನ ಕಡೆ ಬೆರಳು ಮಾಡಿದರು. ಆ ಕೋಣೆಯ ಫೋಟೋ ಇದೆಯೇ? ಮಗನನ್ನು ಎಷ್ಟು ಸಲ ಕೇಳಿದರೂ ಕಳಿಸಿಲ್ಲವಂತೆ.

ಇಲ್ಲ ಎನ್ನಬಹುದಿತ್ತು. ಒಂದೇ ಶಬ್ದ. ಆದರೆ ಆ ಮುಖದ ಮುಂದೆ ಒಳ್ಳೆಯವನಾಗಿ ಕೂತುಬಿಟ್ಟಿದ್ದೆ, ಎದ್ದು ಬರಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಹುಡುಕಿದೆ. ಮಾದರಿ ಕಲ್ಲುಗಳ ಕೋಣೆಗೆ ಬಣ್ಣ ಹೊಡೆಸಿದ ದಿನ ತೆಗೆದ ಚಿತ್ರ ಇತ್ತು. ಖಾಲಿ ಕೋಣೆ, ಬಿಳಿ ಗೋಡೆ, ಒಂದು ಕಿಟಕಿ.

"ಇದೇ" ಎಂದೆ.

ಜೊಹ್ರಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಬೆರಳಿನಿಂದ ನೆಲವನ್ನು ದೊಡ್ಡದು ಮಾಡಿ ನೋಡಿದರು. ಮಗ ಎಲ್ಲಿ ನಿಲ್ಲುತ್ತಾನೆ ಎಂದು ಕೇಳಿದರು. ನಾನು ಕಿಟಕಿಯ ಪಕ್ಕದ ಜಾಗವನ್ನು ತೋರಿಸಿದೆ.

ಮಸೀದಿ

ಮರುದಿನ ಬೆಳಿಗ್ಗೆ ಮಸೀದಿಗೆ ಹೊರಟೆವು. ತಾನೂ ಬರುತ್ತೇನೆ ಎಂದು ಅಜ್ಜಿ ಹಟ ಹಿಡಿದರು. ಮೊಣಕಾಲು ನೋವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ಸಿಕ್ಕ ಸಿಕ್ಕವರಿಗೆಲ್ಲ ನನ್ನನ್ನು ತೋರಿಸುತ್ತ ಬಂದರು. ಬ್ರೆಡ್ಡಿನ ಅಂಗಡಿಯವನು ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿದ. ಚಮ್ಮಾರನೊಬ್ಬ ಎದ್ದು ನಿಂತ. ಏನು ಹೇಳುತ್ತಿದ್ದಾರೆ ಎಂದು ಸಲ್ಮಾಳನ್ನು ಕೇಳಬೇಕಾಗಿರಲಿಲ್ಲ.

ಹೊರಗಿನಿಂದ ಆ ಮಸೀದಿ ಕೋಟೆಯಂತಿದೆ. ಒಳಗೆ ಕಾಲಿಟ್ಟರೆ ಆಕಾಶವೇ ಇಳಿದುಬಂದಂಥ ಅಂಗಳ. ಹಾಸುಗಲ್ಲು ನಡುವಿನ ಕಡೆಗೆ ಕಂಡೂ ಕಾಣದಂತೆ ಇಳಿಜಾರಾಗಿದೆ. ಮಳೆ ನೀರೆಲ್ಲ ಅಲ್ಲಿ ಕೂಡಿ, ಕೆತ್ತನೆಯ ಕಲ್ಲಿನ ಮೂಲಕ ಸೋಸಿ, ನೆಲದ ಅಡಿಯ ತೊಟ್ಟಿಗೆ ಇಳಿಯುತ್ತದೆ. ಬಾವಿಯ ಬಾಯಿಗೆ ಕೂರಿಸಿದ ಅಮೃತಶಿಲೆಯಲ್ಲಿ ಹಗ್ಗ ಎಳೆದೆಳೆದು ಬಿದ್ದ ಗೀರುಗಳಿವೆ, ನನ್ನ ಹೆಬ್ಬೆರಳು ಪೂರಾ ಮುಳುಗುವಷ್ಟು ಆಳ. ಯಂತ್ರದಿಂದ ಅಂಥ ಗೀರು ಹಾಕಿಸಲು ನನ್ನಿಂದಾಗದು. ಶತಮಾನಗಳ ಕಾಲ ಜನ ನೀರು ಸೇದಿದ ಗುರುತು ಅದು.

ವಿಜಯಪುರದಲ್ಲಿ ಮೂರು ವರ್ಷ ಕಾಲೇಜು ಓದಿದವನು ನಾನು. ಅಲ್ಲಿನ ಜಾಮಿಯಾ ಮಸೀದಿಯ ಮುಂದೆ ದಿನಾ ಸೈಕಲ್ ತುಳಿದಿದ್ದೇನೆ, ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಇಲ್ಲಿ ನಮಾಜಿನ ಸಭಾಂಗಣದೊಳಗೆ ಬೇರೆ ಧರ್ಮದವರಿಗೆ ಪ್ರವೇಶವಿಲ್ಲ, ಬಾಗಿಲಲ್ಲಿ ನಿಂತು ನೋಡಬೇಕು. ಅದಕ್ಕೆಂದು ಅರ್ಧ ಭೂಮಿ ಸುತ್ತಿ ಬಂದಿದ್ದೆ.

ದೊಡ್ಡ ಮರದ ಬಾಗಿಲು ತೆರೆದಿತ್ತು. ಪಕ್ಕದಲ್ಲಿ ಕಾವಲಿನವರು, ಬೂದು ಕೋಟು ತೊಟ್ಟ ಸೌಮ್ಯ ಮುಖದ ಹಿರಿಯರು. ಜೊಹ್ರಾ ಅವರ ಬಳಿ ಹೋಗಿ ಬಹಳ ಹೊತ್ತು ಮಾತಾಡಿದರು. ಕೈಯಲ್ಲಿ ಕೋಣೆಯ ಅಳತೆ ತೋರಿಸಿದರು, ಕಿಟಕಿ ತೋರಿಸಿದರು. ಕಾವಲಿನವರು ನನ್ನ ಕಡೆ ತಿರುಗಿ ಏನೋ ಹೇಳಿದರು.

ಸಲ್ಮಾ ಅನುವಾದಿಸಿದಳು. "ಒಳಗೆ ಬಿಡೋದಕ್ಕೆ ನನಗೆ ಅಧಿಕಾರ ಇಲ್ಲ, ಕ್ಷಮಿಸಿ ಅಂತಿದ್ದಾರೆ. ಆದರೆ ನಮ್ಮವನಿಗೆ ಜಾಗ ಕೊಟ್ಟವರನ್ನು ನಿಲ್ಲಿಸಿ ಕಳಿಸೋದಕ್ಕೆ ನನ್ನ ಮನಸ್ಸು ಒಪ್ಪಲ್ಲ ಅಂತಾರೆ."

ಅವರು ಒಳಹೋಗಿ ಬಿಳಿಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದರು. ಅದು ಅವರು ಕೂರುವ ಕುರ್ಚಿಯೇ. ಕರವಸ್ತ್ರದಿಂದ ಒರೆಸಿದರು. ಹೊಸ್ತಿಲಿಗೆ ತಾಗಿಸಿ, ಕಂಬಗಳು ಚೆನ್ನಾಗಿ ಕಾಣುವ ಹಾಗೆ ತಿರುಗಿಸಿ ಇಟ್ಟರು. ಕೂರಿ ಎಂದು ಕೈ ತೋರಿಸಿದರು. ಬೇರೆ ಪ್ರವಾಸಿಗರು, ಜರ್ಮನ್ನರೋ ಯಾರೋ, ಕತ್ತು ಚಾಚಿ ನಿಂತು ನೋಡುತ್ತಿದ್ದರು. ನಾನೊಬ್ಬನೇ ಕುರ್ಚಿಯಲ್ಲಿ ಕೂತೆ.

ಕಂಬಗಳು ಮುನೀರ್ ಹೇಳಿದ್ದಕ್ಕಿಂತ ಚೆಂದ ಇದ್ದವು. ಬೂದು, ಹಸಿರು ಗೆರೆಯ ಬಿಳಿ, ದೂರದಲ್ಲಿ ಇಳಕಲ್ಲಿನ ಕೆಂಪನ್ನೇ ಹೋಲುವ ಒಂದೆರಡು. ಎತ್ತರವೂ ಒಂದೇ ಅಲ್ಲ. ಗಿಡ್ಡ ಕಂಬಕ್ಕೆ ಪೀಠ ಎತ್ತರಿಸಿ ಸರಿಹೊಂದಿಸಿದ್ದಾರೆ. ಬೇರೆ ಬೇರೆ ಊರಿನ, ಬೇರೆ ಬೇರೆ ದೇವರ ಮನೆಯ ಕಲ್ಲುಗಳನ್ನು ತಂದು ಒಂದೇ ಸೂರಿನಡಿ ನಿಲ್ಲಿಸಿದವರ ಕೈಚಳಕ ಅದು. ಇನ್ನೊಂದು ದಿನವಾಗಿದ್ದರೆ ಒಂದೊಂದನ್ನೂ ಗುರುತಿಸುತ್ತ ಕೂರುತ್ತಿದ್ದೆ. ಆದರೆ ನನ್ನ ಕಣ್ಣು ಅಲ್ಲಿ ನಿಲ್ಲಲಿಲ್ಲ.

ಒಳಗೆ ಬದಿಯಲ್ಲಿ, ಹೆಂಗಸರ ಜಾಗದಲ್ಲಿ ಜೊಹ್ರಾ ನಮಾಜು ಮಾಡುತ್ತಿದ್ದರು. ಮೊಣಕಾಲು ಬಗ್ಗದೆ ಕಂಬವೊಂದಕ್ಕೆ ಕೈಯಾನಿಸಿ ಕೆಳಗಿಳಿದರು. ಮುಗಿದ ಮೇಲೆ ಎರಡೂ ಅಂಗೈ ಎತ್ತಿ ಏನೋ ಬೇಡಿಕೊಂಡರು. ನಡುವೆ ಒಮ್ಮೆ ತಿರುಗಿ ನನ್ನ ಕಡೆ ನೋಡಿದರು.

"ನಿಮ್ಮ ಹೆಸರು ಹೇಳ್ತಿದ್ದಾರೆ" ಎಂದಳು ಸಲ್ಮಾ ಮೆಲ್ಲಗೆ. "ನಿಮ್ಮ ಹೆಂಡತಿ, ಮಗಳ ಹೆಸರನ್ನೂ ಮುನೀರನಿಂದ ಕೇಳಿ ತಿಳಿದುಕೊಂಡಿದ್ದಾರೆ."

ಎದ್ದು ಓಡಬೇಕೆನಿಸಿತು. ಆ ಕುರ್ಚಿಯಿಂದ ಏಳುವುದೂ ಒಂದು ಅವಮಾನವಾಗುತ್ತದೆಂದು ಕೂತೇ ಇದ್ದೆ. ಕಾವಲಿನವರು ನನ್ನ ಒದ್ದೆ ಕಣ್ಣು ನೋಡಿ ಭಕ್ತಿ ಎಂದುಕೊಂಡಿರಬೇಕು. ಹೆಗಲು ತಟ್ಟಿದರು.

ಮಾಳಿಗೆಯ ಮೇಲೆ

ಆ ಸಂಜೆ ಸಲ್ಮಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಚಹಾದ ಲೋಟ ಹಿಡಿದು ಹತ್ತಿ ಹೋದೆ. ಕೆಳಗೆ ಅಜ್ಜಿ ನನಗೆ ಬುತ್ತಿಗೆಂದು ಖರ್ಜೂರ ತುಂಬಿದ ರವೆಯ ಸಿಹಿ ಕರಿಯುತ್ತಿದ್ದ ವಾಸನೆ ಬರುತ್ತಿತ್ತು.

"ಮೇಡಂ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು" ಎಂದೆ. ಹೇಳಿದೆ. ರಟ್ಟಿನ ಮೇಲಿನ ನಮಾಜು, ಸೌತ್‌ಲೇಕಿನ ಗಿರಾಕಿ, ಬೇಡ ಅಂದದ್ದು, ಗಾಡಿಯೊಳಗಿನ ಬೇಸಿಗೆ. ಫೋಟೋ ಯಾವ ಕೋಣೆಯದೆಂಬುದನ್ನೂ ಹೇಳಿದೆ.

ಅವಳು ಮಡಚುತ್ತಿದ್ದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡು ನಿಂತಳು. "ಗಾಡಿಯಲ್ಲಿ ಅವನು ಹೇಗೆ ಬಾಗ್ತಾನೆ?" ಎಂದು ಕೇಳಿದಳು.

"ಬಾಗಲ್ಲ. ಕೂತೇ ಮಾಡ್ತಾನೆ."

"ನೆಲಕ್ಕೆ ಹಣೆ ಮುಟ್ಟಿಸದೆ?"

ನಾನು ಚಹಾದ ಲೋಟವನ್ನು ಮಾಳಿಗೆಯ ಗೋಡೆಯ ಮೇಲಿಟ್ಟೆ.

"ಅಮ್ಮನಿಗೆ ಹೇಳಬೇಡಿ" ಎಂದಳು. "ನೀವು ನಾಳೆ ಹೊರಟುಹೋಗ್ತೀರಿ. ಅವರು ಇದೇ ಓಣಿಯಲ್ಲಿ ಬದುಕಬೇಕು. ಇಷ್ಟು ಹೊತ್ತಿಗೆ ಊರಿಗೆಲ್ಲ ಹೇಳಿ ಆಗಿದೆ." ಆಮೇಲೆ ಉಳಿದ ಬಟ್ಟೆಯನ್ನು ಮಡಚದೆಯೇ ಬುಟ್ಟಿಗೆ ತುರುಕಿ ಇಳಿದುಹೋದಳು.

ನನಗೆ ಎದೆ ಹಗುರಾದಂತಾಯಿತು. ಆ ಹಗುರಕ್ಕೆ ಈಗ ಅತಿ ಹೆಚ್ಚು ನಾಚಿಕೆಪಡುತ್ತೇನೆ. ಮರುದಿನ ಹೊರಡುವ ಮುನ್ನ ಪೇಟೆಯಲ್ಲಿ, ಆ ಊರಿಗೆ ಹೆಸರು ತಂದ ಜಮಖಾನಗಳಲ್ಲಿ ಒಂದು ಚಿಕ್ಕದನ್ನು ಕೊಂಡೆ. ಹೋದ ಕೂಡಲೇ ಎಲ್ಲ ಸರಿಮಾಡಿಬಿಡುತ್ತೇನೆ ಎಂದುಕೊಂಡೆ. ಸಲ್ಮಾ ನಿಲ್ದಾಣಕ್ಕೆ ಬಂದಳು, ನನ್ನ ಕೈಚೀಲ ಹೊತ್ತಳು, ವ್ಯಾನು ತುಂಬುವ ಮೊದಲೇ ತಿರುಗಿ ಹೋದಳು.

ಪೇರ್ಲ್ಯಾಂಡ್

ವಿಮಾನ ಹ್ಯೂಸ್ಟನ್ನಿಗೆ ತಡವಾಗಿ ಇಳಿದು ಡಲ್ಲಾಸಿನ ವಿಮಾನ ತಪ್ಪಿತು. ಅಲ್ಲೇ ಹತ್ತಿರದ ಪೇರ್ಲ್ಯಾಂಡಿನಲ್ಲಿರುವ ಗೆಳೆಯ ರಾಘು ಬಂದು ಮನೆಗೆ ಕರೆದೊಯ್ದ. ಅವನು ಮೈಸೂರಿನವನು, ಊಟ ಬಡಿಸುತ್ತ ಎಲ್ಲ ಕೇಳಿದ. ನಾನು ಕಂಬ, ಬಾವಿ, ಲುವಾಜು, ಸುಂಕದವರ ಬಿಪಿ ಎಲ್ಲವನ್ನೂ ವರ್ಣಿಸಿದೆ. ಅವನು ಬಿದ್ದು ಬಿದ್ದು ನಕ್ಕ.

"ಜನ ಹೇಗಿದ್ದಾರೆ ಮಾರಾಯಾ ಅಲ್ಲಿ? ನಮ್ಮವರನ್ನ ಚೆನ್ನಾಗಿ ನೋಡ್ಕೋತಾರಾ?"

"ಬಹಳ ಚೆನ್ನಾಗಿ" ಎಂದೆ. ಅಜ್ಜಿ ಕೊಟ್ಟ ಸಿಹಿಯ ಡಬ್ಬಿಯನ್ನು ಅವನ ಮುಂದಿಟ್ಟೆ. ನನಗೆ ಒಂದನ್ನೂ ತಿನ್ನಲಾಗಿರಲಿಲ್ಲ.

ಮತ್ತೆ ಪ್ಲೇನೋ

ಸೋಮವಾರ ಎಲ್ಲರಿಗಿಂತ ಮೊದಲೇ ಕಾರ್ಖಾನೆಗೆ ಹೋದೆ. ಮಾದರಿ ಕೋಣೆ ಗುಡಿಸಿ, ಕಲ್ಲಿನ ತುಣುಕುಗಳನ್ನು ಹೊರಗೆ ಸಾಗಿಸಿ, ಕಿಟಕಿಯ ಪಕ್ಕ ಜಮಖಾನ ಹಾಸಿದೆ. ಮುನೀರ್ ಬಂದಾಗ ಬಾಗಿಲು ತೆರೆದು ತೋರಿಸಿದೆ. ಒಂದು ಭಾಷಣವನ್ನೂ ಸಿದ್ಧಮಾಡಿಕೊಂಡಿದ್ದೆ.

ಅವನು ಹೊಸ್ತಿಲು ದಾಟಲಿಲ್ಲ. "ಸಲ್ಮಾಗೆ ಹೇಳಿದಿರಿ" ಎಂದ.

"ಮುನೀರ್, ನನಗೆ ತಡೆಯೋಕಾಗಲಿಲ್ಲ. ನಿನ್ನ ತಾಯಿ ನನಗೋಸ್ಕರ..."

"ಮೊನ್ನೆ ಫೋನ್ ಮಾಡಿ ಅತ್ತಳು. ಅಣ್ಣ ಅಲ್ಲಿ ಕಳ್ಳನ ಹಾಗೆ ದೇವರನ್ನು ಬೇಡ್ತಾನೆ ಅಂತ ಅವಳಿಗೆ ಈಗ ಗೊತ್ತು. ನಾಲ್ಕು ವರ್ಷದಿಂದ ನಾನು ಕಟ್ಟಿಕೊಂಡು ಬಂದ ಕೋಣೆ ಅದು, ಮಿಸ್ಟರ್ ಶಿವ. ಫ್ಯಾನು ಒಂದು ವರ್ಷ, ಜಮಖಾನ ಒಂದು ವರ್ಷ, ಅಮ್ಮ ಕೇಳಿದ ಹಾಗೆಲ್ಲ ಒಂದೊಂದೇ ಸೇರಿಸಿ ಕಟ್ಟಿದ್ದು. ನೀವು ಎರಡು ದಿನಕ್ಕೆ ಹೋಗಿ ಅದನ್ನ ಕೆಡವಿ ಬಂದಿರಿ."

"ನಾನು ಕ್ಷಮೆ ಕೇಳಬೇಕು ಅಂತಲೇ..."

"ನನ್ನನ್ನ ಕೇಳಬೇಕಿತ್ತು. ನಾನು ಇಲ್ಲೇ ಇದ್ದೆ. ದಿನಾ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವತ್ತಿನ ಕೆಲಸವನ್ನು ಯಾವತ್ತಿನ ಹಾಗೆಯೇ ಮುಗಿಸಿದ. ಆ ಕೋಣೆಗೆ ಕಾಲಿಡಲಿಲ್ಲ. ಒಂದೂವರೆ ತಿಂಗಳಾದ ಮೇಲೆ, ಆಸ್ಟಿನ್‌ನಲ್ಲಿ ಮೆಕ್ಸಿಕೋದ ಗೆಳೆಯನೊಬ್ಬನ ಜೊತೆ ಸ್ವಂತ ಕೆಲಸ ಆರಂಭಿಸುತ್ತೇನೆಂದು ಹೇಳಿ ಹೊರಟುಹೋದ.

ಸಂಜೆ ಗಿರಿಜಾ ಕೇಳಿದಳು. "ಹೋಗೂಮುಂದ ಏನಂದ್ರಿ ಅವಂಗ?"

"ಒಳ್ಳೇದಾಗಲಿ ಅಂದೆ."

"ಅಷ್ಟs?" ಎಂದಳು. ಆಮೇಲೆ, "ನೀವು ಅವ್ವನ ಮುಂದನೂ ದೊಡ್ಡವರಾದ್ರಿ, ತಂಗಿ ಮುಂದನೂ ಹಗುರಾಗಿ ಬಂದ್ರಿ. ಅವನೊಬ್ಬವನs ನೋಡ್ರಿ ಸಣ್ಣವ ಆದವ" ಎಂದಳು.

ಆಸ್ಟಿನ್

ಮರುವರ್ಷ ಚಳಿಗಾಲದಲ್ಲಿ ಆಸ್ಟಿನ್‌ನಲ್ಲಿ ಒಂದು ಕೆಲಸ ಬಂತು. ಡ್ರೈವ್ ಮಾಡಿಕೊಂಡು ಹೋದೆ. ಕೆಲಸ ಒಂದು ನೆಪ ಎಂಬುದು ಅರ್ಧ ದಾರಿಯಲ್ಲಿ ನನಗೇ ತಿಳಿಯಿತು. ಊರ ಹೊರಗಿನ ಶೆಡ್ಡುಗಳ ಸಾಲಿನಲ್ಲಿ ಮುನೀರನ ಅಂಗಡಿ ಹುಡುಕಿದೆ. ಅವನು ಕಲ್ಲಿನ ಅಂಚು ತಿಕ್ಕುತ್ತಿದ್ದ. ನನ್ನನ್ನು ನೋಡಿಯೂ ಕೆಲಸ ಮುಗಿಯುವವರೆಗೆ ಬರಲಿಲ್ಲ. ನಾನು ನಿಂತೇ ಕಾದೆ.

ಕೈ ತೊಳೆದುಕೊಂಡು ಬಂದ. ನಾನು ಈ ಸಲ ಭಾಷಣ ಸಿದ್ಧಮಾಡಿಕೊಂಡು ಹೋಗಿರಲಿಲ್ಲ.

"ಮುನೀರ್, ನಿನಗೆ ಜಾಗ ಕೊಡದೆ ತಪ್ಪು ಮಾಡಿದೆ. ನಿನ್ನ ಮಾತನ್ನ ನಿನ್ನ ತಂಗಿಗೆ ಹೇಳಿ ಇನ್ನೊಂದು ತಪ್ಪು ಮಾಡಿದೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಅವನು ತಲೆಯಾಡಿಸಿದ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಕಾಫಿ ಕುಡೀತೀರಾ ಎಂದು ಕೇಳಿದ. ಕುಡಿಯುತ್ತಿರುವಾಗ ಅವನ ಫೋನು ಬಡಿದುಕೊಂಡಿತು. ಕೈರುವಾನಿನಿಂದ ವಿಡಿಯೋ ಕರೆ. ಪರದೆಯ ತುಂಬ ಜೊಹ್ರಾ ಅವರ ಮುಖ. ನನ್ನ ದನಿ ಕೇಳಿ "ಸೀ ಶಿವ!" ಎಂದು ಕೂಗಿದರು. ಮುನೀರ್ ಒಂದು ಕ್ಷಣ ಯೋಚಿಸಿ ಫೋನನ್ನು ನನ್ನ ಕಡೆ ತಿರುಗಿಸಿದ.

ಅವರು ಉದ್ದಕ್ಕೆ ಏನೋ ಕೇಳಿದರು. ಮುನೀರ್ ನನ್ನ ಮುಖ ನೋಡದೆ ಅನುವಾದಿಸಿದ. "ಮಗ ಹೊಸ ಊರಿಗೆ ಬಂದಿದ್ದಾನೆ, ಇಲ್ಲೂ ಅವನಿಗೆ ನಮಾಜಿಗೆ ಜಾಗ ಇದೆಯಾ ಅಂತ ಕೇಳ್ತಾರೆ. ನಿಮ್ಮದರ ಹಾಗೆ ಚೆನ್ನಾಗಿದೆಯಾ ಅಂತ."

ಶೆಡ್ಡಿನ ಒಳಮೂಲೆಯಲ್ಲಿ ತೆರೆದ ಬಾಗಿಲೊಂದಿತ್ತು. ಒಳಗೆ ಚಾಪೆ ಹಾಸಿದ್ದು ಕಾಣುತ್ತಿತ್ತು. ಮೆಕ್ಸಿಕೋದ ಪಾಲುದಾರನ ಮೇರಿ ಮಾತೆಯ ಪಟವೂ ಅದೇ ಕೋಣೆಯ ಗೋಡೆಗಿತ್ತು. ಮುನೀರ್ ನನಗೆ ಏನನ್ನೂ ಹೇಳಿಕೊಡಲಿಲ್ಲ. ಕಾದ.

"ಇಲ್ಲಿ ಚೆನ್ನಾಗಿದೆ ಅಂತ ಹೇಳು. ನನ್ನದರಲ್ಲಿ ಏನೂ ಇರಲಿಲ್ಲ ಅಂತ ಹೇಳು" ಎಂದೆ.

ಮುನೀರ್ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ತಾಯಿಗೆ ಹೇಳಿದ, ಏನನ್ನೂ ಬಿಡದೆ ಹೇಳಿದನೆಂದೇ ನನಗನ್ನಿಸಿತು. ಅಜ್ಜಿ ಗಲ್ಲದ ಹಚ್ಚೆ ಅಲುಗುವಂತೆ ನಕ್ಕರು. ನನ್ನ ಕಡೆ ಬೆರಳಾಡಿಸಿ ಏನೋ ಅಂದರು.

"ಏನಂತಾರೆ?" ಎಂದು ಕೇಳಿದೆ.

"ನೀವು ದೊಡ್ಡ ಮನಸ್ಸಿನವರಂತೆ" ಎಂದ ಮುನೀರ್. "ಮಾಡಿದ್ದನ್ನ ಮಾಡಿಲ್ಲ ಅಂತೀರಂತೆ. ಇಂಥವರು ಈಗ ಸಿಗಲ್ಲವಂತೆ."

ಅವನು ಕರೆ ಮುಗಿಸಿ ಕಾಫಿ ಲೋಟಗಳನ್ನು ಎತ್ತಿಕೊಂಡ. ನನ್ನ ಲೋಟದಲ್ಲಿ ಅರ್ಧ ಹಾಗೆಯೇ ಉಳಿದಿತ್ತು.